ಏಳನೆಯ ದೀಪ



ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಅರ್ಚಿಸುವ ನಾವು ಅನ್ಯಮತಗಳ ಶಾಸ್ತ್ರವನ್ನು ಆದರದಿಂದ ಕೇಳಿದರೆ ನಿಷ್ಠೆಗೆ ಕುಂದಾಗದೇ ಎಂದು ಭಕ್ತರೊಬ್ಬರು ಕೇಳಿದರು. ಈ ಸಂಶಯಕ್ಕೆ ಸೂಫಿ ಸಂತ ಇನಾಯತ್ ಖಾನರ ಚರಿತ್ರೆಯೇ ಉತ್ತರವನ್ನೀಯುತ್ತದೆ.

೧೮೮೨ರಲ್ಲಿ ಬಡೋದೆಯಲ್ಲಿ ಜನಿಸಿದ ಇವರು ವೀಣಾವಾದಕರು. ಮಾತಾಮಹರಾದ ಮೌಲಾಬಕ್ಷರು ಮೈಸೂರರಮನೆಯಲ್ಲಿ ಸನ್ಮಾನಿತರಾದ ಗಾಯಕರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ೧೯೧೦ರಲ್ಲಿ ಇವರು ಪಾಶ್ಚಾತ್ಯ ದೇಶಗಳಿಗೆ ತೆರಳಿದರು. ೧೯೨೧ರಲ್ಲಿ ಲಂಡನ್ನಿನಲ್ಲಿ ಸರ್ವಧರ್ಮಾರಾಧನೆಯನ್ನು ಪ್ರಾರಂಭಿಸಿದರು. ಅದರ ವೇದಿಕೆಯಲ್ಲಿ ದೈವಜ್ಯೋತಿಯೊಂದನ್ನು ಬೆಳಗಿ, ಅದರಿಂದಲೇ ಹಿಂದೂ, ಬೌದ್ಧ, ಜರಥುಷ್ಟ್ರ, ಯೆಹೂದಿ, ಕ್ರೈಸ್ತ, ಇಸ್ಲಾಂ ಧರ್ಮಗಳ ಆರು ದೀಪಗಳನ್ನು ಹೊತ್ತಿಸುವರು. ಏಳನೆಯದು ಹೆಸರುಳಿದ, ಹೆಸರಳಿದ ಸತ್ಯದರ್ಶಿಗಳೆಲ್ಲರಿಗಾಗಿ. ಅನಂತರ ಆಯಾ ಧರ್ಮಗ್ರಂಥಗಳ ವಾಚನವಾಗುವುದು.

ಗ್ರಂಥಗಳನ್ನು ಸಾಲಾಗಿರಿಸುವುದು ಸುಲಭ. ಅಷ್ಟರಿಂದಲೇ ಸಾಧನೆಯಾಯಿತೆಂದು ನಾನು ಒಪ್ಪಲಾರೆ. ಇನಾಯತರಾದರೋ ಹೈದರಾಬಾದಿನಲ್ಲಿ ಸಯ್ಯದ್ ಅಬು ಹಾಶಿಮ್ ಮದನಿಯವರೆಂಬ ಗುರುಗಳಿಂದ ಚಿಶ್ತಿ ಪರಂಪರೆಯ ದೀಕ್ಷೆಯನ್ನು ಪಡೆದು, ಆ ಗುರುವಿನ ಆಜ್ಞೆಯನ್ನು ತಲೆಯಲ್ಲಿ ಹೊತ್ತೇ ಸಮುದ್ರವನ್ನು ದಾಟಿದವರು. ಒಬ್ಬ ಗುರುವಿನಲ್ಲಿ ನೆಲೆನಿಂತುದರಿಂದಲೇ ಪರರ ದೀಪವನ್ನು ಬೆಳಗಲು ಅವರ ಕೈ ನಡುಗಲಿಲ್ಲ. ೧೯೨೭ರಲ್ಲಿ ದೆಹಲಿಯಲ್ಲಿ ದೇಹವಿಟ್ಟರು, ಸಮಾಧಿಯು ನಿಜಾಮುದ್ದೀನಿನಲ್ಲಿದೆ.

ಬಸವಾದಿ ಪ್ರಮಥರಿಗೆಂದು ಆ ವೇದಿಕೆಯಲ್ಲಿ ಬೇರೆ ದೀಪವಿಲ್ಲ. ಏಳನೆಯದು ಅವರಿಗಾಗಿಯೂ ಉರಿಯುತ್ತಿದೆಯೆಂದು ಆ ಭಕ್ತರಿಗೆ ನಾನು ಹೇಳಿದೆನು.