ಸಂಜೆಯ ತೆರ್ಸ್, ಬೆಳಗಿನ ಶಾಲೆ



ಮಂಗಳೂರು ಕಡೆಯ ಕಥೋಲಿಕರ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಮನೆಮಂದಿಯೆಲ್ಲ ಪೀಠದೆದುರು ಮೊಣಕಾಲೂರಿ ಜಪಮಾಲೆ ಹೇಳುತ್ತಾರೆ. ಕೊಂಕಣಿಯಲ್ಲಿ ಅದು ತೆರ್ಸ್. ತೆರ್ಸ್ ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಜೋಡಿಸಿ ಬೆಸಾಂವ್ ಕೇಳಬೇಕು. ಬೆಸಾಂವ್ ಎಂದರೆ ಆಶೀರ್ವಾದ. ಕೆಲಸ ಹುಡುಕಿಕೊಂಡು ಪುಣೆಗೆ ಹೋಗಿ ನೆಲೆಸಿದ ಕರಾವಳಿಯ ಕುಟುಂಬಗಳು ಹಾಸಿಗೆ ಪಾತ್ರೆಗಳ ಜೊತೆ ಈ ಸಂಜೆಯನ್ನೂ ಕಟ್ಟಿಕೊಂಡು ಹೋದವು. ಅಜ್ಜಿಯ ಕೊಂಕಣಿಯಲ್ಲಿ ರಾತ್ರಿ ಪ್ರಾರ್ಥಿಸಿದ ಮಗು ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಇಂಗ್ಲಿಷಿನಲ್ಲಿ ಪ್ರಾರ್ಥಿಸುತ್ತದೆ. ಮಗುವಿಗೆ ದೇವರ ಪರಿಚಯ ಮಾಡಿಕೊಡಬೇಕಾದವರು ಯಾರು, ಮನೆಯವರೋ ಶಾಲೆಯವರೋ? ಪುಣೆಯ ಕಥೋಲಿಕ ಶಾಲೆಗಳ ಚರಿತ್ರೆಯನ್ನು ಈ ಪ್ರಶ್ನೆಯ ಬೆನ್ನು ಹಿಡಿದು ನೋಡೋಣ.

ಪುಣೆಯಲ್ಲಿ ಕಥೋಲಿಕರ ಕಥೆ ಪೇಶ್ವೆಯ ಸೈನ್ಯದಿಂದ ಶುರುವಾಗುತ್ತದೆ. ತನ್ನ ಸೇನೆಯಲ್ಲಿದ್ದ ಪೋರ್ಚುಗೀಸ್, ಗೋವಾ ಮೂಲದ ಸೈನಿಕರ ಪೂಜೆಗೆಂದು ಸವಾಯಿ ಮಾಧವರಾವ್ ಪೇಶ್ವೆ 1792ರಲ್ಲಿ ಜಾಗ ಕೊಟ್ಟ. ಇಂದಿಗೂ ಕ್ವಾರ್ಟರ್ ಗೇಟ್ ಹತ್ತಿರ ಜನ ಸಿಟಿ ಚರ್ಚ್ ಎಂದು ಕರೆಯುವ ದೇವಾಲಯ ಅದೇ. ಪೇಶ್ವಾಯಿ ಮುಗಿದು ಬ್ರಿಟಿಷರ ದಂಡು ಕ್ಯಾಂಪಿನಲ್ಲಿ ಬೀಡುಬಿಟ್ಟಾಗ ಐರಿಷ್ ಸಿಪಾಯಿಗಳು ಬಂದರು. ಅವರಿಗಾಗಿ 1850ರಲ್ಲಿ ಎದ್ದ ಚರ್ಚಿಗೆ ಅವರ ನಾಡಿನ ಸಂತ ಪ್ಯಾಟ್ರಿಕ್ಕನ ಹೆಸರೇ ಬಂತು. ಜರ್ಮನ್ ಭಾಷೆಯ ನಾಡುಗಳಿಂದ ಬಂದ ಯೇಸುಸಭೆಯ ಪಾದ್ರಿಗಳು 1867ರಲ್ಲಿ ಸೇಂಟ್ ವಿನ್ಸೆಂಟ್ಸ್ ಶಾಲೆ ತೆರೆದರು.

ಆ ಕಾಲದ ಸಿಪಾಯಿಯ ಮಗುವನ್ನು ಒಮ್ಮೆ ನೆನೆದುಕೊಳ್ಳಿ. ಅಪ್ಪನ ರೆಜಿಮೆಂಟ್ ಇವತ್ತು ಪುಣೆಯಲ್ಲಿ, ನಾಳೆ ಇನ್ನೆಲ್ಲೋ. ಕಾಲರಾ ಬಂದರೆ ತಾಯಿಯೂ ಇಲ್ಲ. ಅಜ್ಜ ಅಜ್ಜಿ ಏಳು ಕಡಲಾಚೆ. ಇಂಥ ಮಗುವಿಗೆ ಶಿಲುಬೆಯ ಗುರುತು ಹಾಕಲು ಕಲಿಸುವವರು ಪಾದ್ರಿಗಳೇ, ಮಠದ ಸಿಸ್ಟರುಗಳೇ. ಶಾಲೆ ಮನೆಯ ಜಾಗದಲ್ಲಿ ಕೂತದ್ದು ಮನೆಯನ್ನು ತಳ್ಳಿ ಅಲ್ಲ, ಮನೆ ಇರಲಿಲ್ಲವೆಂದು. ಧರ್ಮ ಕಲಿಸುವುದು ಫಾದರ್ ಕೆಲಸ, ಫೀಸು ಕಟ್ಟುವುದಷ್ಟೇ ನಮ್ಮದು ಎಂಬ ಅಭ್ಯಾಸ ತಂದೆತಾಯಂದಿರಲ್ಲಿ ಬಹುಕಾಲ ಉಳಿದದ್ದಕ್ಕೆ ಬೇರು ಇಲ್ಲೇ ಇದೆ ಎಂದು ನಾನು ತಿಳಿದಿದ್ದೇನೆ.

ಕನ್ನಡಿಗರಿಗೂ ಈ ಚರಿತ್ರೆಯಲ್ಲಿ ಪಾಲುಂಟು. 1886ರಲ್ಲಿ ಪುಣೆ ಧರ್ಮಪ್ರಾಂತ ಸ್ಥಾಪನೆಯಾಯಿತು. ಬೆಳಗಾವಿಗೆ ತನ್ನದೇ ಬಿಷಪ್ ಬಂದದ್ದು 1953ರಲ್ಲಿ. ಅಲ್ಲಿಯವರೆಗೆ ನಮ್ಮ ಉತ್ತರದ ಜಿಲ್ಲೆಗಳ ಹಲವು ಕಥೋಲಿಕರು ಪುಣೆಯ ಕಡೆಗೆ ಮುಖ ಮಾಡಿದ್ದರು. ಬೆಳಗಾವಿಯ ಸೇಂಟ್ ಪಾಲ್ಸ್ ಹೈಸ್ಕೂಲು 1856ರದು, ಸೇಂಟ್ ವಿನ್ಸೆಂಟ್ಸ್‌ಗಿಂತ ಹನ್ನೊಂದು ವರ್ಷ ಹಿರಿದು.

ಮೊದಲ ಮಹಾಯುದ್ಧ ಈ ಶಾಲೆಗಳನ್ನು ನಡುಗಿಸಿತು. ಜರ್ಮನ್ ಪಾದ್ರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುದೇಶದವರಾದರು. ಪುಣೆಯ ಬಿಷಪ್ ಹೆನ್ರಿ ಡೋರಿಂಗ್ ಯೂರೋಪಿಗೆ ಹೋದವರು ಮರಳಲಾಗಲಿಲ್ಲ. ಅವರನ್ನು 1921ರಲ್ಲಿ ಜಪಾನಿನ ಹಿರೋಶಿಮಾಕ್ಕೆ ಕಳಿಸಲಾಯಿತು. ಪುಣೆಯ ಹೊಣೆ ಮತ್ತೆ ಅವರ ಕೈಗೆ ಬರಲು 1927 ಆಗಬೇಕಾಯಿತು. ಕುರುಬನಿಲ್ಲದ ಆ ವರ್ಷಗಳಲ್ಲೂ ಶಾಲೆ ಉಳಿಯಿತು.

ಈ ಶಾಲೆಗಳ ಬೆಂಚುಗಳಲ್ಲಿ ಕಥೋಲಿಕರು ಮಾತ್ರ ಕೂತವರಲ್ಲ. ಮುಂದೆ ಆಧ್ಯಾತ್ಮಿಕ ಗುರು ಮೆಹೆರ್ ಬಾಬಾ ಎನಿಸಿಕೊಂಡ ಮೆರ್ವಾನ್ ಇರಾನಿ ಓದಿದ್ದು ಸೇಂಟ್ ವಿನ್ಸೆಂಟ್ಸ್‌ನಲ್ಲಿ. ಜರತುಷ್ಟ್ರ ಮತದ ಮನೆ. ತಂದೆ ಶೆಹರಿಯಾರ್ ದೇವರನ್ನು ಹುಡುಕುತ್ತ ವರ್ಷಗಟ್ಟಲೆ ಅಲೆದು, ಆಮೇಲೆ ಪುಣೆಯಲ್ಲಿ ಸಂಸಾರ ಹೂಡಿದವರು. 1913ರಲ್ಲಿ ಈ ಯುವಕನ ಬದುಕನ್ನು ತಿರುಗಿಸಿದ್ದು ಕ್ಯಾಂಪಿನ ಬೇವಿನ ಮರದಡಿ ಕೂರುತ್ತಿದ್ದ ಮುಸ್ಲಿಂ ಸಾಧ್ವಿ ಹಜರತ್ ಬಾಬಾಜಾನ್. ಪಾದ್ರಿಗಳ ಶಾಲೆ, ಇರಾನಿ ಮನೆ, ಬೇವಿನ ಮರ. ಇದರಲ್ಲಿ ಯಾವುದು ಎಷ್ಟು ಕೊಟ್ಟಿತೆಂದು ಅಳೆಯುವವರು ಯಾರು? ಆದರೆ ತಂದೆಯ ಆ ಅಲೆದಾಟ ಮಗನೊಳಗೆ ಮೊದಲೇ ಇತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಹದಿನೈದು ವರ್ಷಗಳ ಅಂತರದಲ್ಲಿ ಎರಡು ದೂರದ ಕಾಗದಗಳು ಒಂದೇ ಕಡೆ ಬೆರಳು ತೋರಿದವು. ಒಂದು ನಮ್ಮ ಸಂವಿಧಾನ. ಸರ್ಕಾರದ ಮಾನ್ಯತೆಯ ಇಲ್ಲವೆ ನೆರವಿನ ಶಾಲೆಯಲ್ಲಿ ಅಪ್ರಾಪ್ತ ಮಗುವನ್ನು ಧರ್ಮಬೋಧೆಗೆ, ಪೂಜೆಗೆ ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ ಅದರ 28ನೆಯ ವಿಧಿ. ಇನ್ನೊಂದು 1965ರ ಅಕ್ಟೋಬರಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆ. ಮಕ್ಕಳಿಗೆ ಮೊದಲ ಹಾಗೂ ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದಿತು ಅದು. ದೆಹಲಿಯ ಕಾನೂನು ಅನ್ಯಮತದ ಮಗುವನ್ನು ಕಾಪಾಡಲು ಹೇಳಿದ ಮಾತು, ರೋಮಿನ ಧರ್ಮಸಭೆ ತನ್ನದೇ ಮಗುವಿಗಾಗಿ ಹೇಳಿದ ಮಾತು. ಎರಡೂ ಬಂದು ನಿಂತದ್ದು ಮನೆಯ ಹೊಸ್ತಿಲಲ್ಲಿ.

ಇಷ್ಟರಲ್ಲಿ ಊರೂ ಬದಲಾಗಿತ್ತು. ಪಿಂಪ್ರಿಯಲ್ಲಿ ಪೆನ್ಸಿಲಿನ್ ಕಾರ್ಖಾನೆ ಬಂತು, ಬೆನ್ನಿಗೇ ಮೋಟಾರು, ಸ್ಕೂಟರು ಕಾರ್ಖಾನೆಗಳು. ಸ್ವಿಸ್ ಪಾದ್ರಿ ರುಡಾಲ್ಫ್ ಶೋಖ್ 1961ರಲ್ಲಿ ಪುಣೆಯ ಪಾಷಾಣ್ ಪ್ರದೇಶದಲ್ಲಿ ಲೊಯೊಲಾ ಶಾಲೆ ಕಟ್ಟಿದರು. ಸಿಪಾಯಿಯ ಒಂಟಿ ಮಗುವಿನ ಜಾಗದಲ್ಲೀಗ ಮನೆಯಿಂದ ಡಬ್ಬಿ ತರುವ ಮಕ್ಕಳು. ತರಗತಿಯಲ್ಲಿ ಹಿಂದೂ, ಮುಸ್ಲಿಂ, ಜೈನ, ಪಾರ್ಸಿ ಮಕ್ಕಳೂ ಇರುತ್ತಾರೆ. ಆದ್ದರಿಂದಲೇ ಇಂಥ ಶಾಲೆಗಳಲ್ಲಿ ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆ ಎದ್ದು ಹೋದರೆ ಉಳಿದವರಿಗೆ ಮಾರಲ್ ಸೈನ್ಸ್. ಈ ಮಾರಲ್ ಸೈನ್ಸ್ ಅನ್ನು ಮಾರ್ಕು ತರದ ಪಾಠವೆಂದು ತಾತ್ಸಾರ ಮಾಡುವ ಪೋಷಕರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸುಳ್ಳು ಹೇಳಬಾರದು ಎಂಬುದನ್ನು ಬೇರೆ ಬೇರೆ ದೇವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕಲಿಯುವ ಗಂಟೆ ಅದು.

2011ರ ಶುಲ್ಕ ನಿಯಂತ್ರಣ ಕಾನೂನಿನಿಂದ ಮಹಾರಾಷ್ಟ್ರದ ಖಾಸಗಿ ಶಾಲೆಗಳಲ್ಲಿ ಪೋಷಕ-ಶಿಕ್ಷಕ ಸಂಘ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಆ ಸಭೆಗಳಲ್ಲಿ ಲೆಕ್ಕ ಕೇಳುವಷ್ಟೇ ಕಾಳಜಿಯಿಂದ ಮಗುವಿನ ಪ್ರಾರ್ಥನೆಯ ಬಗ್ಗೆ ಕೇಳುವವರೂ ಇರಬೇಕು ಎಂದು ನನ್ನ ಆಸೆ. ಮೊದಲ ಪರಮಪ್ರಸಾದಕ್ಕೆ ಮಗುವನ್ನು ಅಣಿಮಾಡುವಾಗ ಧರ್ಮಕೇಂದ್ರಗಳು ತಂದೆತಾಯಿಗಳನ್ನೂ ಕರೆದು ಕೂರಿಸುತ್ತವೆ. ಬಿಳಿ ಬಟ್ಟೆ ಹೊಲಿಸಿದರೆ ಸಾಲದು, ಭಾನುವಾರದ ಪೂಜೆಗೆ ಜೊತೆಯಲ್ಲಿ ಬನ್ನಿ ಎನ್ನುತ್ತವೆ.

ಮನೆಯೇ ಕಲಿಸುವ ಪಾಠಕ್ಕೆ ಒಂದು ಹಬ್ಬವನ್ನು ನೋಡಿ. ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟುಹಬ್ಬ. ಕರಾವಳಿಯಲ್ಲಿ ಅದು ಮೊಂತಿ ಫೆಸ್ತ್, ತೆನೆಹಬ್ಬ. ಒಂಬತ್ತು ದಿನ ಮಕ್ಕಳು ಅಮ್ಮನಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು ಹಾಲಿಗೆ ಬೆರೆಸಿ, ಹಿರಿಯರು ಮೊದಲು ಕುಡಿದು, ಆಮೇಲೆ ಕಿರಿಯರಿಗೆ. ಪುಣೆಯ ಫ್ಲಾಟಿನ ಸುತ್ತ ಗದ್ದೆ ಎಲ್ಲಿಂದ ಬರಬೇಕು? ಊರಿನ ಬಸ್ಸಿನಲ್ಲಿ ಬರುವವರ ಚೀಲದಲ್ಲಿ ನಾಲ್ಕು ತೆನೆ ಬಂದರೂ ಆಯಿತು. ಅಂದು ಶಾಲೆಯಿಂದ ಬಂದ ಮಗು ಸಮವಸ್ತ್ರ ಬದಲಿಸುವ ಮುಂಚೆಯೇ ಕೈ ತೊಳೆದು ಆ ಲೋಟಕ್ಕಾಗಿ ಕಾಯುತ್ತ ಕೂರುತ್ತದೆ.