ಮನೆ ಬಿಡದ ಮಗಳು

ಮದುವೆಯಾಗದೆ ತೀರಿಕೊಂಡ ಹೆಣ್ಣು ಹುಟ್ಟಿದ ಮನೆಯಲ್ಲೇ ‘ಕುಲೆ’ಯಾಗಿ ಉಳಿಯುತ್ತಾಳೆಂಬ ನಂಬಿಕೆ ಕಾಸರಗೋಡು ಸೀಮೆಯ ಹಳೆಯ ತರವಾಡುಗಳಲ್ಲಿ ಉಂಟು. ತಂಗಿಗೆ ಸಂಬಂಧ ಕೂಡಿಬಾರದಿದ್ದರೆ ಜೋಯಿಸರ ಪ್ರಶ್ನಚಿಂತನೆಯಲ್ಲಿ ಕಂಡುಬರುವವಳು ಅವಳೇ. ಮಂತ್ರವಾದಿ ಉಚ್ಚಾಟನೆಗೆ ಕುಳಿತರೂ ಕದಲಳು. ಕದಲುವುದಾದರೂ ಎಲ್ಲಿಗೆ? ಅವಳದೇ ಮನೆಯಲ್ಲವೇ! ಅದಕ್ಕೆ ತುಳುನಾಡಿನ ಹಿರಿಯರು ಕಂಡುಕೊಂಡ ದಾರಿ ‘ಕುಲೆ ಮದಿಮೆ’. ಅವಳಂತೆಯೇ ಮದುವೆಯಾಗದೆ ತೀರಿಹೋದ ಹುಡುಗನನ್ನು ಹುಡುಕಿ, ಬಳಿ ಬೇರೆಯೆಂದು ಖಚಿತಪಡಿಸಿಕೊಂಡು, ಹೆಚ್ಚಾಗಿ ಆಟಿ ತಿಂಗಳಲ್ಲಿ ಮದುವೆ. ಸೀರೆ, ಬಳೆ, ಕರಿಮಣಿ, ಊಟ ಎಲ್ಲವೂ ಉಂಟು. (ಆ ಸೀರೆಗೆ ಚೌಕಾಸಿ ಸಲ್ಲದು.) ಅಲ್ಲಿಂದ ಮುಂದೆ ಎರಡೂ ಮನೆಯವರು ನೆಂಟರು. ಯಾವ ಮಂತ್ರಕ್ಕೂ ಹೊಸ್ತಿಲು ದಾಟದಿದ್ದವಳು ಅಂದು ಗಂಡನ ಮನೆಗೆ ಹೊರಡುತ್ತಾಳೆ. ತಾಯಿ ಬದುಕಿದ್ದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.