ಕೂಟ ಕಟ್ಟಿದವರು, ಕೋಟೆ ಹಿಡಿದವರು



ತರೀಕೆರೆ ಕಡೆಯ ಹಿರಿಯರನ್ನು ಊರಿನ ಹಳೆಯ ಕಥೆ ಹೇಳಿ ಎಂದು ಕೇಳಿದರೆ ಸರ್ಜಾ ಹನುಮಪ್ಪ ನಾಯಕನ ಹೆಸರು ಬಂದೇ ಬರುತ್ತದೆ. ಇಂಗ್ಲಿಷರ ಮೇಲೆ ತಿರುಗಿಬಿದ್ದು ನೇಣಿಗೇರಿದ ಪಾಳೇಗಾರ ಎನ್ನುತ್ತಾರೆ. ಅದು ನಿಜವೇ. ಆದರೆ ಅದು ಕಥೆಯ ಕೊನೆ. ಕಥೆಯ ಮೊದಲಲ್ಲಿ ಪಾಳೇಗಾರರಿಲ್ಲ, ಇಂಗ್ಲಿಷರೂ ಇಲ್ಲ. ಅಲ್ಲಿರುವವರು ಕಂದಾಯ ಕಟ್ಟಲಾರದೆ ಕೈಚೆಲ್ಲಿದ ರೈತರು. ಅವರ ಸಿಟ್ಟು ಮೈಸೂರು ಅರಸರ ಅಮಲ್ದಾರರ, ಅಂದರೆ ತಾಲ್ಲೂಕು ಅಧಿಕಾರಿಗಳ ಮೇಲೆ. 1830ರಿಂದ 31ರವರೆಗೆ ನಡೆದ ಈ ಬಂಡಾಯವನ್ನು ಇತಿಹಾಸದಲ್ಲಿ ‘ನಗರ ದಂಗೆ’ ಎನ್ನುತ್ತಾರೆ. ಇಲ್ಲಿ ನಗರ ಎಂದರೆ ಕೆಳದಿ ಅರಸರ ಬಿದನೂರು, ಇಂದಿನ ಹೊಸನಗರ ತಾಲ್ಲೂಕಿನ ನಗರ. ಅದರ ಹೆಸರಿನಲ್ಲಿ ಒಂದು ಇಡೀ ಫೌಜುದಾರಿ, ಅಂದರೆ ಹಲವು ತಾಲ್ಲೂಕುಗಳ ಆಡಳಿತ ವಿಭಾಗ, ಇತ್ತು. ಅಲ್ಲಿ ಹೊತ್ತಿದ ಬೆಂಕಿ ನಮ್ಮ ಸೀಮೆಗೂ ಬಂತು.

ನಮ್ಮ ಸೀಮೆಯ ಮೂರು ಊರುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಕಡೂರು ಬಯಲುಸೀಮೆ, ಮಳೆ ಕಡಿಮೆ. ಅಜ್ಜಂಪುರದ್ದು ಕಪ್ಪು ಎರೆ ಭೂಮಿ, ಸುತ್ತ ಅಮೃತಮಹಲ್ ದನಗಳ ಕಾವಲು. ತರೀಕೆರೆ ಅರೆಮಲೆನಾಡು, ಬೆನ್ನಿಗೆ ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿಯ ಬೆಟ್ಟಸಾಲು. ಬಯಲಿನಲ್ಲಿ ದಂಡು ನಡೆಸುವುದು ಸುಲಭ, ಬೆಟ್ಟದಲ್ಲಿ ಅಡಗುವುದು ಸುಲಭ. ದಂಗೆಯ ಇಡೀ ಕಥೆ ಈ ಎರಡರ ನಡುವೆ ನಡೆಯಿತೆಂದರೂ ಸರಿಯೇ.

ತರೀಕೆರೆಯ ನಾಯಕರು ಮೂಲತಃ ತರೀಕೆರೆಯವರಲ್ಲ. ಅವರ ಮೊದಲ ನೆಲೆ ಬಸವಾಪಟ್ಟಣ, ಸಂತೇಬೆನ್ನೂರು. ಸಂತೇಬೆನ್ನೂರಿನ ಪುಷ್ಕರಿಣಿಯನ್ನೂ ಅದರ ನಡುವಿನ ವಸಂತಮಂಟಪವನ್ನೂ ನೋಡಿದವರಿಗೆ ಆ ಮನೆತನದ ವೈಭವ ಎಂಥದ್ದಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಿಜಾಪುರದ ರಣದುಲ್ಲಾ ಖಾನನ ದಂಡು ಬಂದಾಗ ಆ ನೆಲೆ ಕಳೆದುಹೋಯಿತು. ಮನೆತನ ತೆಂಕಲಿಗೆ ಸರಿದು ತರೀಕೆರೆಯಲ್ಲಿ ಕೋಟೆ ಕಟ್ಟಿಕೊಂಡಿತು. ಹೈದರಾಲಿಯ ಕಾಲಕ್ಕೆ ಅದೂ ಮೈಸೂರಿಗೆ ಸೇರಿತು. ಆಮೇಲೆ ಉಳಿದದ್ದು ಹೆಸರು, ಬಿರುದು, ಒಂದಿಷ್ಟು ಭತ್ಯೆ. ರಾಜ್ಯ ಕಳೆದುಕೊಂಡು ಭತ್ಯೆಯಲ್ಲಿ ಬದುಕುವವನಿಗೆ ನೆನಪು ಹೆಚ್ಚು, ಕೆಲಸ ಕಡಿಮೆ. ಹೊತ್ತು ಬಂದಾಗ ಅಂಥವನು ಏನು ಮಾಡಿಯಾನು ಎಂಬುದು ಆಳುವವರಿಗೆ ತಿಳಿದಿರಬೇಕಿತ್ತು.

ತಿಳಿಯದೇ ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಕೂಡಲೇ ಈ ಸೀಮೆಯಲ್ಲಿ ಧೋಂಡಿಯ ವಾಘ್ ಎದ್ದಿದ್ದ. ಅಜ್ಜಂಪುರಕ್ಕೆ ದೂರವಲ್ಲದ ಚನ್ನಗಿರಿಯಲ್ಲಿ ಹುಟ್ಟಿದವನು. ಅವನನ್ನು ಬೆನ್ನಟ್ಟಿ ಹೋದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೇ. 1800ರ ಸೆಪ್ಟೆಂಬರಿನಲ್ಲಿ ಧೋಂಡಿಯ ಸತ್ತ. ಬಲಂ ಸೀಮೆಯ, ಅಂದರೆ ಮಂಜರಾಬಾದಿನ ನಾಯಕನನ್ನು 1802ರಲ್ಲಿ ಹಿಡಿದು ನೇಣು ಹಾಕಿದರು. ಅಲ್ಲಿಗೆ ಪಾಳೇಗಾರರ ಕಾಟ ತೀರಿತು ಎಂದು ಮೈಸೂರೂ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯೂ ನಿಟ್ಟುಸಿರು ಬಿಟ್ಟವು.

ಈಗ ಕಂದಾಯದ ಮಾತು. ದಂಗೆಯ ಬೇರು ಇರುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು 1799ರಲ್ಲಿ ಪಟ್ಟಕ್ಕೆ ಕೂರಿಸಿದಾಗ ಕಂಪನಿ ಒಂದು ಷರತ್ತು ಹಾಕಿತ್ತು. ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ, ರೂಪಾಯಿ ಲೆಕ್ಕದಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷ, ಪೊಗದಿ ಕೊಡಬೇಕು. ಮಳೆ ಬರಲಿ ಬಿಡಲಿ, ಆ ಹಣ ಹೋಗಲೇಬೇಕು. ದಿವಾನ್ ಪೂರ್ಣಯ್ಯ ಬಿಗಿ ಕೈಯವರು, ಅದನ್ನು ತೆತ್ತೂ ಬೊಕ್ಕಸ ತುಂಬಿದರು. 1811ರಲ್ಲಿ ಅವರು ಕೆಳಗಿಳಿದಾಗ ಎರಡು ಕೋಟಿ ರೂಪಾಯಿಗೂ ಮೀರಿದ ಹಣವಿತ್ತು ಎನ್ನುತ್ತಾರೆ. ಹದಿನೇಳರ ತರುಣ ಅರಸರ ಕೈ ಧಾರಾಳ. ದಾನ, ಸಂಗೀತ, ಸಾಹಿತ್ಯ, ಆಸ್ಥಾನ ಎಲ್ಲಕ್ಕೂ ಹರಿಯಿತು. ಕನ್ನಡಕ್ಕೆ ಅದರಿಂದ ಒಳ್ಳೆಯದಾಯಿತು, ಅಲ್ಲಗಳೆಯಲಾರೆ. ಆದರೆ ಬೊಕ್ಕಸ ಬರಿದಾಯಿತು, ಸಿಪಾಯಿಗಳ ಸಂಬಳ ಬಾಕಿ ಬಿತ್ತು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1825ರಲ್ಲಿ ಮೈಸೂರಿಗೇ ಬಂದು, ಹೀಗೇ ಆದರೆ ಕಂಪನಿ ಕೈಹಾಕಬೇಕಾಗುತ್ತದೆ ಎಂದು ಎಚ್ಚರಿಸಿ ಹೋದ.

ಹಣ ಹೊಂದಿಸಲು ಸಿಕ್ಕ ದಾರಿಯೇ ಶರತ್ತಿನ ಪದ್ಧತಿ. ‘ಈ ತಾಲ್ಲೂಕಿನಿಂದ ಇಷ್ಟು ಹಣ ಕೊಟ್ಟೇ ಕೊಡುತ್ತೇನೆ’ ಎಂದು ಅಮಲ್ದಾರ ಸರಕಾರಕ್ಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನ ತಲೆಯ ಮೇಲೆ. ಹೆಚ್ಚು ಬಂದರೆ? ಅದನ್ನು ಕೇಳುವವರು ಯಾರು! ಶರತ್ತು ಬರೆದುಕೊಟ್ಟವನು ಮುಂದಿನ ವರ್ಷವೂ ಅದೇ ತಾಲ್ಲೂಕಿನಲ್ಲಿ ಇರುತ್ತಾನೆಂಬ ಖಾತ್ರಿಯಿಲ್ಲ. ಹೀಗಾಗಿ ಕೆರೆ ಒಡೆದರೂ ಅವನಿಗೆ ಚಿಂತೆಯಿಲ್ಲ, ರೈತ ಊರು ಬಿಟ್ಟರೂ ಚಿಂತೆಯಿಲ್ಲ. ಈ ವರ್ಷ ಕರೆದ ಹಾಲಷ್ಟೇ ಅವನದು.

ನಗರ ಫೌಜುದಾರಿಯಲ್ಲಿ ಇದರ ಜೊತೆಗೆ ಇನ್ನೊಂದು ತೊಡಕು. ಪೂರ್ಣಯ್ಯನವರ ಕಾಲದಿಂದಲೂ ಅಲ್ಲಿ ರಾಮರಾಯ ಎಂಬ ಅಧಿಕಾರಿಯ ಬಳಗ ಬಲವಾಗಿ ಬೇರುಬಿಟ್ಟಿತ್ತು. ಫೌಜುದಾರಿಯಿಂದ ಅಮಲ್ದಾರಿಯವರೆಗೆ ಅವರ ನೆಂಟರಿಷ್ಟರೇ. 1828ರ ಸುಮಾರಿಗೆ ಅರಸರು ರಾಮರಾಯರನ್ನೇ ಕಳಿಸಿ ರೈತರ ಹಳೆ ಬಾಕಿಗಳಲ್ಲಿ ಒಂದಿಷ್ಟನ್ನು ಮನ್ನಾ ಮಾಡಿಸಿದರು. ಆಮೇಲೆ ಆ ಮನ್ನಾದಲ್ಲಿ ಮೋಸವಿದೆ ಎಂಬ ಚಾಡಿ ಅರಮನೆಗೆ ಮುಟ್ಟಿತು. ವೀರರಾಜೇ ಅರಸು ಎಂಬವರು ಹೊಸ ಫೌಜುದಾರರಾಗಿ ಬಂದು, ಬಿಟ್ಟ ಬಾಕಿಯನ್ನೇ ಮತ್ತೆ ಕೇಳತೊಡಗಿದರು. ಮೋಸ ಇತ್ತೋ ಇಲ್ಲವೋ ಅದು ಅಧಿಕಾರಿಗಳ ಜಗಳ. ಹೋಯಿತು ಎಂದುಕೊಂಡಿದ್ದ ಸಾಲ ಮತ್ತೆ ಬಾಗಿಲಿಗೆ ಬಂದದ್ದು ರೈತನ ಪಾಲಿಗೆ. ಕುರ್ಚಿ ಕಳೆದುಕೊಂಡ ಹಳೆಯ ಬಳಗ ರೈತರ ಸಿಟ್ಟಿಗೆ ಒಳಗಿಂದೊಳಗೇ ಗಾಳಿ ಹಾಕಿತು.

1830ರ ಮಳೆಗಾಲದಲ್ಲಿ ರೈತರು ಕೂಟ ಸೇರಿದರು. ಕೂಟವೆಂದರೆ ಬರಿಯ ಗುಂಪಲ್ಲ. ಹಳ್ಳಿಯ ಪಟೇಲರ ಮುಂದಾಳುತನದಲ್ಲಿ ಊರೂರಿನವರು ಒಂದೆಡೆ ಕಲೆತು, ಕಂದಾಯ ಕಟ್ಟುವುದಿಲ್ಲ ಎಂದು ನಿಶ್ಚಯಿಸಿ, ಉಳಿದ ಊರುಗಳಿಗೂ ಓಲೆ ಕಳಿಸುವುದು. ಬರದಿದ್ದವರಿಗೆ ಬೆದರಿಕೆಯೂ ಉಂಟು. ಶಾನುಭೋಗರಿಗೆ, ತಾಲ್ಲೂಕು ಕಚೇರಿಯವರಿಗೆ ಆಗ ಬೀದಿಯಲ್ಲಿ ಓಡಾಡುವುದು ಕಷ್ಟವಾಯಿತು. ಇದೆಲ್ಲ ಕತ್ತಿ ಹಿರಿಯುವ ಮೊದಲಿನ ಮಾತು. ನನ್ನ ಲೆಕ್ಕದಲ್ಲಿ ಈ ದಂಗೆಯಲ್ಲಿ ಹೊಸದು, ದೊಡ್ಡದು ಎಂದು ಏನಾದರೂ ಇದ್ದರೆ ಅದು ಈ ಕೂಟ. ಕತ್ತಿ ಹಿಡಿದ ನಾಯಕರು ಅದಕ್ಕೂ ಮುಂಚೆ ಬೇಕಾದಷ್ಟು ಮಂದಿ ಬಂದುಹೋಗಿದ್ದರು.

ಕೂಟಕ್ಕೆ ಒಬ್ಬ ರಾಜನೂ ಸಿಕ್ಕಿದ. ಕುಂಸಿ ಕಡೆಯ ರೈತನ ಮಗ, ಸಾದರ ಮಲ್ಲ ಎಂದು ಅವನ ಹೆಸರು. ದರೋಡೆಯ ಆಪಾದನೆಯಲ್ಲಿ ಸೆರೆಮನೆ ಕಂಡವನು. ಕೆಳದಿ ಅರಸುಮನೆತನಕ್ಕೆ ಹತ್ತಿರದವನಾಗಿದ್ದ ಒಬ್ಬ ಜಂಗಮನಿಂದ ಹಳೆಯ ಮುದ್ರೆಗಳನ್ನು ಪಡೆದು, ಬೂದಿ ಬಸವಪ್ಪ ನಾಯಕನೆಂಬ ಹೆಸರಿನಲ್ಲಿ ತಾನೇ ಕೆಳದಿಯ ವಾರಸುದಾರ ಎಂದು ಸಾರಿದ. ಬಾಕಿಯೆಲ್ಲ ಮನ್ನಾ, ಮುಂದೆ ಕಂದಾಯ ಇಳಿಕೆ ಎಂದು ಮಾತು ಕೊಟ್ಟ. ಅವನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಅವನ ವೈರಿಗಳು ಬರೆದಿಟ್ಟದ್ದು; ಕಳ್ಳ, ವೇಷಧಾರಿ ಎಂಬ ಮಾತುಗಳನ್ನು ಒಂದಿಷ್ಟು ಸೋಸಿಯೇ ತೆಗೆದುಕೊಳ್ಳಬೇಕು. ಕೆಳದಿ ಅರಸರು ಬಿದ್ದು ಆಗಲೇ ಅರವತ್ತೇಳು ವರ್ಷ. ಆದರೂ ಆ ಹೆಸರಿಗೆ ರೈತರು ಓಗೊಟ್ಟರು ಎಂಬುದನ್ನು ಮಾತ್ರ ಯಾರೂ ತಳ್ಳಿಹಾಕುವಂತಿಲ್ಲ.

ತರೀಕೆರೆಯವರು ಬಂದದ್ದು ಈ ಹಂತದಲ್ಲಿ. ಮನೆತನದ ಹಿರಿಯ ರಂಗಪ್ಪ ನಾಯಕ ಬಂಡಾಯಗಾರರನ್ನು ಸೇರಿಕೊಂಡ. ಸರ್ಜಾ ಹನುಮಪ್ಪ ನಾಯಕ ಅವನ ಜೊತೆಗೆ. ಕಲ್ಲುದುರ್ಗ, ಕಾಮನದುರ್ಗ ಎಂಬ ಬೆಟ್ಟದ ಕೋಟೆಗಳು ಇವರ ವಶವಾದವು. ಇಲ್ಲಿ ಕತೆ ತಿರುವು ಪಡೆಯುತ್ತದೆ. ರೈತನಿಗೆ ಬೇಕಿದ್ದದ್ದು ಕಂದಾಯ ಕಡಿಮೆಯಾಗುವುದು. ನಾಯಕನಿಗೆ ಬೇಕಿದ್ದದ್ದು ಅಜ್ಜನ ರಾಜ್ಯ. ಇಬ್ಬರೂ ಒಂದೇ ಕಡೆ ನಿಂತರು, ಒಂದೇ ಕೆಲಸಕ್ಕಲ್ಲ.

ಕಂದಾಯದಿಂದ ಹೊತ್ತಿದ ಇಂಥ ಬಂಡಾಯ ಬೇರೆಡೆಯೂ ಉಂಟು. ಇಥಿಯೋಪಿಯದ ದಕ್ಷಿಣ ಭಾಗದಲ್ಲಿ ಬಾಲೆ ಎಂಬ ಸೀಮೆ. ಅಲ್ಲಿನ ಒರೊಮೊ ಜನ 1963ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯ ಆಡಳಿತದ ಮೇಲೆ ಕೋವಿ ಎತ್ತಿದರು. ಕಾರಣ ಕಂದಾಯ, ಜಮೀನು, ಬೇರೆ ಸೀಮೆಯಿಂದ ಬಂದು ಕೂತ ಅಧಿಕಾರಿಗಳು. ವಾಕೊ ಗುಟು ಎಂಬ ಮುಂದಾಳು 1970ರವರೆಗೂ ಬೆಟ್ಟಗಳಲ್ಲಿ ಕಾದಾಡಿ ಶರಣಾದ. ಸೋತ ಹೋರಾಟದ ಮೇಲೆಯೇ ಮುಂದೆ, 1973ರಲ್ಲಿ, ಒರೊಮೊ ವಿಮೋಚನಾ ರಂಗ ಹುಟ್ಟಿತು. ಅದರಿಂದ ಒಡೆದು ಬಂದ ಪಡೆ ಈಚಿನ ವರ್ಷಗಳವರೆಗೂ ಕಾಡಿನಲ್ಲಿ ಕಾದಾಡುತ್ತಲೇ ಬಂದಿದೆ. ಅಲ್ಲಿ ಕಂದಾಯದ ಜಗಳ ಒಂದು ಜನಾಂಗದ ಹೋರಾಟವಾಗಿ ಬೆಳೆಯಿತು. ನಮ್ಮಲ್ಲಿ ಹಾಗಾಗಲಿಲ್ಲ. ಅರಸರೂ ರೈತರೂ ಆಡುತ್ತಿದ್ದದ್ದು ಒಂದೇ ನುಡಿ. ಕೂಟದವರು ಅರಸರನ್ನು ಬಯ್ದದ್ದಕ್ಕಿಂತ ಅಮಲ್ದಾರರನ್ನು ಬಯ್ದದ್ದೇ ಹೆಚ್ಚು.

ಮರಳಿ ಮೈಸೂರಿಗೆ. 1830ರ ಡಿಸೆಂಬರಿನಲ್ಲಿ ಅರಸರು ಸ್ವತಃ ಚನ್ನರಾಯಪಟ್ಟಣದ ಕಡೆಗೆ ಹೊರಟರು. ಸಮಾಧಾನದ ಮಾತು ಆಡಿಯಾರು ಎಂದುಕೊಂಡವರಿಗೆ ಕಂಡದ್ದು ನೇಣು ಮತ್ತು ಕಠಿಣ ಶಿಕ್ಷೆ. ಅದರಿಂದ ದಂಗೆ ಅಡಗಲಿಲ್ಲ. ಅರಸರ ದಂಡು ಒಂದು ಕಡೆ ಗೆದ್ದರೆ ಇನ್ನೊಂದು ಕಡೆ ಸೋಲುತ್ತಿತ್ತು. ಸಂಬಳವಿಲ್ಲದ ಸಿಪಾಯಿ ಎಷ್ಟೆಂದು ಕಾದಾಡಿಯಾನು! ಕಡೆಗೆ ಕಂಪನಿಯ ಪಡೆಯನ್ನು ಕರೆಯಬೇಕಾಯಿತು. ಕಾಮನದುರ್ಗ ಬಿತ್ತು. ನಗರದ ಕಡೆ ಹೊರಟ ಕಂಪನಿಯ ದಂಡು ಮಲೆನಾಡಿನ ದಾರಿಗಳಲ್ಲಿ ಒಮ್ಮೆ ಹಿಂದೆಗೆದದ್ದೂ ಉಂಟು. 1831ರ ಜೂನ್ ಹೊತ್ತಿಗೆ ನಗರ ಕಂಪನಿಯ ಕೈಸೇರಿತು.

ಈ ಪಡೆಗಳ ಸಾಗಾಟದ ಬಗ್ಗೆ ಒಂದು ಮಾತು ಹೇಳಲೇಬೇಕು, ಅಜ್ಜಂಪುರದವರಿಗಾಗಿ. ಅಮೃತಮಹಲ್ ತಳಿಯನ್ನು ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂದು ಕಟ್ಟಿದರು, ಟಿಪ್ಪು ಅದಕ್ಕೆ ಈಗಿನ ಹೆಸರಿಟ್ಟ. ತೋಪು ಎಳೆಯಲು ಈ ಎತ್ತುಗಳಿಗೆ ಸಮನಿಲ್ಲ ಎಂದು ಕಂಡುಕೊಂಡ ಕಂಪನಿ 1813ರಲ್ಲೇ ಅವುಗಳ ಉಸ್ತುವಾರಿಯನ್ನು ತನ್ನ ಕೈಗೆ ತೆಗೆದುಕೊಂಡಿತ್ತು. ರಾಜ್ಯಕ್ಕಿಂತ ಹದಿನೆಂಟು ವರ್ಷ ಮೊದಲೇ ರಾಜ್ಯದ ಎತ್ತುಗಳು ಕಂಪನಿಯ ಪಾಲಾಗಿದ್ದವು!

ರಾಜ್ಯದ ಸರದಿಯೂ ಬಂತು. ಗವರ್ನರ್ ಜನರಲ್ ಬೆಂಟಿಂಕ್ 1831ರ ಸೆಪ್ಟೆಂಬರಿನಲ್ಲಿ ಪತ್ರ ಬರೆದ, ಅಕ್ಟೋಬರಿನಲ್ಲಿ ಮುಮ್ಮಡಿಯವರು ಆಡಳಿತ ಬಿಟ್ಟುಕೊಟ್ಟರು. ಅಮಲ್ದಾರನ ಮೇಲೆ ಹೊರಟ ಕೋಪ ಕಂಪನಿಗೆ ಇಡೀ ಮೈಸೂರನ್ನು ತಂದುಕೊಟ್ಟಿತು. ಅದು ಹಿಂದಿರುಗಿದ್ದು ಐವತ್ತು ವರ್ಷಗಳ ಮೇಲೆ, 1881ರಲ್ಲಿ. ದಂಗೆಯ ಕಾರಣ ಹುಡುಕಲು ಹಾಕರ್, ಮಾರಿಸನ್, ಮ್ಯಾಕ್‌ಲಿಯಡ್, ಕಬ್ಬನ್ ಈ ನಾಲ್ವರ ಸಮಿತಿ ಕೂತು 1833ರಲ್ಲಿ ವರದಿ ಕೊಟ್ಟಿತು. ದುರಾಡಳಿತವೇ ಕಾರಣ ಎಂದಿತು. ವರದಿ ಓದಿ, ಮೈಸೂರಿಗೂ ಬಂದು ನೋಡಿದ ಬೆಂಟಿಂಕ್‌ಗೆ ತಾನು ಅವಸರಪಟ್ಟೆನೇನೋ ಎನಿಸಿತು. ರಾಜ್ಯದ ಒಂದು ಭಾಗವನ್ನಾದರೂ ಅರಸರಿಗೆ ಹಿಂದಿರುಗಿಸೋಣ ಎಂದು 1834ರಲ್ಲಿ ಸಲಹೆ ಮಾಡಿದ. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ.

ಅದೇ 1834. ನಗರ ಬಿದ್ದು ಮೂರು ವರ್ಷ ಕಳೆದಿತ್ತು, ಕೂಟ ಎಂದೋ ಚದುರಿತ್ತು. ಸರ್ಜಾ ಹನುಮಪ್ಪ ನಾಯಕ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಬೆಟ್ಟ ಅವನನ್ನು ಕಾದಿತ್ತು. ಬೆಟ್ಟದ ಹಳ್ಳಿಗಳು ಅನ್ನ ಹಾಕದೆ ಅಷ್ಟು ಕಾಲ ಯಾರೂ ಅಡಗಿರಲಾರರು. ಆ ವರ್ಷ ಅವನನ್ನು ಹಿಡಿದು ನೇಣಿಗೆ ಹಾಕಿದರು. ಅದೇ ವರ್ಷ ಕಂಪನಿ ಕೊಡಗನ್ನೂ ನುಂಗಿತು. ಕಿತ್ತೂರಿನ ಸಂಗೊಳ್ಳಿ ರಾಯಣ್ಣ ನಂದಗಡದಲ್ಲಿ ಗಲ್ಲಿಗೇರಿದ್ದು 1831ರ ಜನವರಿಯಲ್ಲಿ, ನಮ್ಮ ಸೀಮೆ ಹೊತ್ತಿ ಉರಿಯುತ್ತಿದ್ದಾಗಲೇ. ರಾಯಣ್ಣನಿಗೆ ಲಾವಣಿಗಳು ಸಿಕ್ಕವು, ಪ್ರತಿಮೆಗಳು ಸಿಕ್ಕವು. ನಮ್ಮ ಹನುಮಪ್ಪ ನಾಯಕ ತರೀಕೆರೆಯ ಆಚೆ ಅಷ್ಟಾಗಿ ದಾಟಲಿಲ್ಲ. ಕೂಟದ ಪಟೇಲರಂತೂ ತಮ್ಮ ಊರಿನಲ್ಲೂ ಉಳಿಯಲಿಲ್ಲ.

ಆ ಪಟೇಲರು ಕೇಳಿದ್ದು ಏನಾಯಿತು? ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ. ಶರತ್ತಿನ ಪದ್ಧತಿ ಹೋಯಿತು. ಹಳೆಯ ದಫ್ತರಗಳನ್ನು ತೆಗೆದು ನೋಡಿದಾಗ ಕಂಡ ತೆರಿಗೆಗಳ ಪಟ್ಟಿ ನಗಬೇಕೋ ಅಳಬೇಕೋ ತಿಳಿಯದಂಥದ್ದು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದುಹೋದರೆ ಅದಕ್ಕೂ ತೆರಿಗೆ. ಇಂಥ 769 ಬಾಬುಗಳನ್ನು ಕಬ್ಬನ್ನನ ಆಡಳಿತ ತೆಗೆದುಹಾಕಿತು. ಅವುಗಳಲ್ಲಿ ಒಂದು ಹಳ್ಳಿಯವರು ತಲೆಮಾರುಗಳಿಂದ ಕಟ್ಟುತ್ತ ಬಂದ ತೆರಿಗೆಯೂ ಇತ್ತು. ಯಾವುದೋ ಕಾಲದಲ್ಲಿ ಪಾಳೇಗಾರನೊಬ್ಬನ ಕುದುರೆ ತಪ್ಪಿಸಿಕೊಂಡಿತ್ತಂತೆ. ಆ ಹಳ್ಳಿಯವರ ಮುತ್ತಾತಂದಿರು ಅದನ್ನು ಹುಡುಕಿಕೊಡಲಿಲ್ಲವೆಂದು ಹಾಕಿದ ದಂಡ ಅದು. ಪಾಳೇಗಾರ ಹೋಗಿ, ಹೈದರ್ ಹೋಗಿ, ಟಿಪ್ಪು ಹೋಗಿ, ಪೂರ್ಣಯ್ಯ ಹೋದರೂ ಸರಕಾರದ ಲೆಕ್ಕಪುಸ್ತಕದಲ್ಲಿ ಅದು ಆದಾಯವೆಂದೇ ನಡೆದುಬಂದಿತ್ತು.